ಅಲಗೊಂದು, ಒರೆಯೊಂದು

ಬಂದೂಕದ ಮೂತಿಗೆ ಸಿಕ್ಕಿಸಿ ಈಟಿಯಂತೆ ಬಳಸುವ ಕಿರುಗತ್ತಿಗೆ ಬಯೊನೆಟ್ ಎಂದು ಹೆಸರು. ಸಂಗೀನು ಎಂಬ ಹಳೆಯ ಮಾತೂ ಉಂಟು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಕಾಲಾಳು ಸೊಂಟದಲ್ಲಿ ತೂಗಿಸಿಕೊಳ್ಳುತ್ತಿದ್ದ ಬಯೊನೆಟ್ಟಿನ ಅಲಗು ಸುಮಾರು 25 ಸೆಂಟಿಮೀಟರು ಉದ್ದ. ಒರೆ ಉಕ್ಕಿನದು, ಹಿಡಿಯ ಪಕ್ಕಗಳು ಮೊದಮೊದಲು ಮರದವು, ತರುವಾಯ ಬೇಕಲೈಟಿನವು. ಲಕ್ಷಗಟ್ಟಲೆಯಾಗಿ ತಯಾರಾದ ಈ ಸಾಮಗ್ರಿಯಲ್ಲಿ ನೋಡಿ ಮೆಚ್ಚತಕ್ಕ ಕುಶಲಕಲೆ ಹೆಚ್ಚಾಗಿಲ್ಲ. ಆದರೂ ಅಮೆರಿಕ, ಇಂಗ್ಲೆಂಡು, ಜರ್ಮನಿ ಮೊದಲಾದ ದೇಶಗಳಲ್ಲಿ ಇದನ್ನು ಆಸ್ಥೆಯಿಂದ ಸಂಗ್ರಹಿಸುವವರು ಅನೇಕರಿದ್ದಾರೆ. ಅವರ ಕಣ್ಣು ಅರಸುವುದು ಅಲಗಿನ ಹರಿತವನ್ನಲ್ಲ. ಅದರ ಬುಡದಲ್ಲಿ ಒತ್ತಿರುವ ಅಕ್ಷರಗಳನ್ನೂ ಅಂಕಿಗಳನ್ನೂ.

ಈ ಮುದ್ರೆಗಳ ಚರಿತ್ರೆ ಜರ್ಮನಿಯ ರಾಜಕಾರಣದ ಚರಿತ್ರೆಯೇ ಆಗಿದೆ. 1919ರ ವರ್ಸೇಲ್ಸ್ ಕೌಲಿನ ಪ್ರಕಾರ ಆ ದೇಶವು ಒಂದು ಲಕ್ಷಕ್ಕೆ ಮಿಕ್ಕಿ ಸೈನ್ಯವನ್ನು ಇಡುವಂತಿರಲಿಲ್ಲ. ಆಯುಧಗಳನ್ನು ಗೆದ್ದ ರಾಷ್ಟ್ರಗಳು ಒಪ್ಪಿದ ಕಾರ್ಖಾನೆಗಳಲ್ಲಲ್ಲದೆ ಬೇರೆಡೆ ಮಾಡುವಂತಿರಲಿಲ್ಲ. ಹೀಗಿರುವಲ್ಲಿ ಗುಟ್ಟಾಗಿ ಶಸ್ತ್ರಗಳನ್ನು ಹೆಚ್ಚಿಸಿಕೊಳ್ಳುತ್ತಿದ್ದ ಸರಕಾರವು ತಯಾರಕರ ಹೆಸರಿಗೆ ಬದಲಾಗಿ 'ಎಸ್' ಎಂಬ ಅಕ್ಷರವನ್ನೂ ಒಂದು ಸಂಖ್ಯೆಯನ್ನೂ ಒತ್ತಿಸಿತು. ಇಸವಿಯೂ ಗುಟ್ಟೇ: 1934ಕ್ಕೆ 'ಕೆ', 1935ಕ್ಕೆ 'ಜಿ'. 1935ರ ಮಾರ್ಚಿಯಲ್ಲಿ ಹಿಟ್ಲರನು ಕಡ್ಡಾಯ ಸೈನ್ಯಸೇವೆಯನ್ನು ಬಹಿರಂಗವಾಗಿಯೇ ಸಾರಿದ ಮೇಲೆ ಮುಚ್ಚುಮರೆಗೆ ಕಾರಣವುಳಿಯಲಿಲ್ಲ. ಕೆಲವು ಕಾಲದಲ್ಲಿಯೇ ಇಸವಿಯು ಅಂಕಿಗಳಲ್ಲಿ ಕಾಣಿಸಿಕೊಂಡಿತು. ಬಳಿಕ ಕಾರ್ಲ್ ಐಕ್‌ಹಾರ್ನ್, ಅಲೆಕ್ಸಾಂಡರ್ ಕೊಪ್ಪೆಲ್ ಮುಂತಾದ ತಯಾರಕರ ಹೆಸರುಗಳು ಪೂರ್ತಿಯಾಗಿ ಮೂಡಿದವು. ಯುದ್ಧವು ಬೆಳೆಯುತ್ತಲೇ ಹೆಸರುಗಳು ಮತ್ತೆ ಮರೆಯಾದವು. ಸುಮಾರು 1940ರಿಂದೀಚೆಗೆ ಐಕ್‌ಹಾರ್ನ್ ಎಂಬಲ್ಲಿ 'ಸಿ-ಓ-ಎಫ್' ಎಂಬ ಮೂರಕ್ಷರ, ಕೊಪ್ಪೆಲ್ ಎಂಬಲ್ಲಿ 'ಎಫ್-ಎನ್-ಜೆ', ಜೊತೆಗೆ ಇಸವಿಯ ಕೊನೆಯ ಎರಡಂಕಿ. ಮೊದಲನೆಯ ಗುಟ್ಟು ಕೌಲನ್ನು ಮುರಿಯುವವನ ಗುಟ್ಟು. ಎರಡನೆಯದು ತನ್ನ ಕಾರ್ಖಾನೆಗಳು ಎಲ್ಲಿವೆಯೆಂದು ಶತ್ರುವಿಗೆ ತಿಳಿಯದಿರಲೆಂಬುದು. ಈ ಕಾರ್ಖಾನೆಗಳಲ್ಲಿ ಬಹುಭಾಗ ವುಪ್ಪರ್ ನದಿಯ ಬಳಿಯ ಸೋಲಿಂಗೆನ್ ಪಟ್ಟಣದವು. ಶತಮಾನಗಳಿಂದ ಕತ್ತಿಗೆ ಹೆಸರಾದ ಊರನ್ನು ಮೂರಕ್ಷರಗಳು ಬಚ್ಚಿಡಬಲ್ಲವೆ? 1944ರ ನವೆಂಬರ್ 4 ಮತ್ತು 5ರಂದು ಇಂಗ್ಲಿಷ್ ವಿಮಾನಗಳು ಬಾಂಬುಗಳನ್ನು ಸುರಿಸಿ ಆ ಪಟ್ಟಣದ ಹಳೆಯ ಭಾಗವನ್ನು ನೆಲಸಮ ಮಾಡಿದವು. ಆ ಕಾಲದಲ್ಲಿ ಪರದೇಶಗಳಿಂದ ಬಲಾತ್ಕಾರವಾಗಿ ತಂದ ಕೂಲಿಗಳೂ ಅಲ್ಲಿ ದುಡಿಯುತ್ತಿದ್ದರು. ಅವರ ಗುರುತು ಮಾತ್ರ ಯಾವ ಅಲಗಿನ ಮೇಲೂ ಇಲ್ಲ.

ತಯಾರಕನ ಗುರುತಲ್ಲದೆ ಪ್ರತಿಯೊಂದು ಬಯೊನೆಟ್ಟಿಗೂ ಒಂದು ಕ್ರಮಸಂಖ್ಯೆಯುಂಟು. ಎಣಿಕೆ 9999ರವರೆಗೆ ಸಾಗಿ, ಬಳಿಕ ಒಂದೊಂದು ಅಕ್ಷರವನ್ನು ಸೇರಿಸಿಕೊಂಡು ಮೊದಲಿನಿಂದ ಆರಂಭವಾಗುತ್ತದೆ. ಅದೇ ಸಂಖ್ಯೆಯನ್ನು ಒರೆಯ ಮೇಲೂ ಒತ್ತುತ್ತಿದ್ದರು. ಇದು ಬಂದೂಕದ ಸಂಖ್ಯೆಯಲ್ಲ. ಅಲಗಿಗೂ ಒರೆಗೂ ಇರುವ ನಂಟು. ಸಂಖ್ಯೆ, ಅಕ್ಷರ, ತಯಾರಕ, ಇಸವಿ ಈ ನಾಲ್ಕೂ ಎರಡೂ ಕಡೆ ಒಂದೇ ಆಗಿದ್ದರೆ ಸಂಗ್ರಾಹಕನು ಅದನ್ನು ಕೂಡಿದ ಜೋಡಿಯೆಂದು ಮನ್ನಿಸಿ ಹೆಚ್ಚಿನ ಬೆಲೆ ಕೊಡುತ್ತಾನೆ. ಕೂಡದಿದ್ದರೆ ಮೂಗು ಮುರಿಯುತ್ತಾನೆ.

ಆದರೆ ಕೂಡದಿರುವುದೆಲ್ಲ ಕುಂದೆ? ಸಂಖ್ಯೆ ಒಂದೇ ಆಗಿದ್ದು ಇಸವಿ ಮಾತ್ರ ಬೇರೆಯಾದ ಜೋಡಿಗಳಿವೆ: ಹಿಂದಿನ ವರ್ಷ ಮಿಕ್ಕ ಒರೆಗೆ ಹೊಸ ವರ್ಷದ ಅಲಗನ್ನು ಹೊಂದಿಸಿದರೆ ಹೀಗಾಗುವುದು ಸಹಜ. ಸಂಖ್ಯೆಯೇ ಬೇರೆಯಾದವುಗಳ ಕಥೆ ಇನ್ನೂ ದೀರ್ಘವಾದುದು. ಒರೆ ನೆಗ್ಗಿದರೆ ದುರಸ್ತಿಯವರು ಕೈಗೆ ಸಿಕ್ಕ ಇನ್ನೊಂದನ್ನು ಕೊಟ್ಟು ಕಳುಹುವರು; ಕಾಳಗದ ನಡುವೆ ಸಂಖ್ಯೆ ನೋಡುವ ವ್ಯವಧಾನ ಯಾರಿಗೆ? 1945ರ ಮೇ ತಿಂಗಳಲ್ಲಿ ಜರ್ಮನರು ಶರಣಾದಾಗ ಆಯುಧಗಳು ರಾಶಿರಾಶಿಯಾಗಿ ಬಿದ್ದವು. ಅಮೆರಿಕದ ಸಿಪಾಯಿಗಳು ನೆನಪಿಗೆಂದು ಮನೆಗೊಯ್ದವು ಎಷ್ಟೋ. ನಾರ್ವೆ, ಯುಗೋಸ್ಲಾವಿಯಗಳ ಸೈನ್ಯಗಳು ಜರ್ಮನ್ ಬಂದೂಕಗಳನ್ನು ಯುದ್ಧಾನಂತರವೂ ಬಳಸಿದವು. ಬಯೊನೆಟ್ಟುಗಳೂ ಅವುಗಳೊಂದಿಗೆ ಸಾಗಿದವು.

ಬೆಲೆಯ ಆಸೆಯಿಂದ ಈಚೆಗೆ ಎರಡು ಬಗೆಯ ಕೆಲಸ ನಡೆಯುತ್ತಿದೆ. ಒಂದು, ಹರಿದು ಹಂಚಿದ ಜೋಡಿಗಳನ್ನು ಹುಡುಕಿ ಕೂಡಿಸುವುದು, ಇದರಲ್ಲಿ ದೋಷವಿಲ್ಲ. ಇನ್ನೊಂದು, ಒರೆಯ ಹಳೆಯ ಅಂಕಿಗಳನ್ನು ಅರೆದು ಅಲಗಿನ ಅಂಕಿಗಳನ್ನು ಹೊಸದಾಗಿ ಒತ್ತುವುದು. ತಾಮ್ರಶಾಸನದ ಬಳೆಯನ್ನು ಕತ್ತರಿಸಿ ಬೇರೆ ಹಲಗೆಯನ್ನು ಪೋಣಿಸಿದವನ ಕೆಲಸಕ್ಕೂ ಇದಕ್ಕೂ ಭೇದವಿಲ್ಲ. ಶಾಸನವನ್ನು ಓದುವವರು ಮೊದಲು ಬಳೆಯನ್ನು ನೋಡುವಂತೆ, ಬಲ್ಲ ಸಂಗ್ರಾಹಕನು ಅಂಕಿಗಳ ಆಕಾರವನ್ನೂ ಸುತ್ತಣ ಉಕ್ಕಿನ ಮೈಯನ್ನೂ ಮೊದಲು ನೋಡುತ್ತಾನೆ. ಅರೆದ ಕಡೆ ಉಕ್ಕು ತಗ್ಗಾಗಿರುತ್ತದೆ. ಮೈಬಣ್ಣ ಒಂದೇ ಸಮನಾಗಿರುವುದಿಲ್ಲ.

ಐಕ್‌ಹಾರ್ನ್ ಎಂಬ ಹೆಸರನ್ನು ಪೂರ್ತಿಯಾಗಿ ಹೊತ್ತ 1938ರ ಅಲಗೊಂದು 'ಸಿ-ಓ-ಎಫ್' ಎಂದು ಒತ್ತಿದ 1943ರ ಒರೆಯಲ್ಲಿ ಕುಳಿತಿದೆಯೆನ್ನಿ. ಸಂಖ್ಯೆ ಬೇರೆ, ಇಸವಿ ಬೇರೆ, ಗುರುತೂ ಬೇರೆ. ಮಾಡಿದ ಕಾರ್ಖಾನೆ ಮಾತ್ರ ಒಂದೇ. ಹೆಸರನ್ನು ಹೆಮ್ಮೆಯಿಂದ ಒತ್ತಿದ ಕೈಯೇ ಐದು ವರ್ಷಗಳಲ್ಲಿ ಅದನ್ನು ಅಡಗಿಸಿದೆ. ಅಂಗಡಿಯವನು ಇದಕ್ಕೆ ಅರ್ಧ ಬೆಲೆ ಹೇಳಿಯಾನು. ಕೊಂಡವನು ಅಲಗಿಗೆ 1938ರ ಒರೆಯನ್ನೂ ಒರೆಗೆ 1943ರ ಅಲಗನ್ನೂ ಹುಡುಕಿ ತಂದರೆ ಅವನ ಕಪಾಟಿನಲ್ಲಿ ಎರಡು ನೀಟಾದ ಬಯೊನೆಟ್ಟುಗಳು ನಿಲ್ಲುತ್ತವೆ. ಒಂದರ ಮೇಲೆ ಹೆಸರು, ಇನ್ನೊಂದರ ಮೇಲೆ ಮೂರಕ್ಷರ.