ಕೃಷ್ಣಾತೀರದ ಕೊಳುಕೊಡೆ

ಸಾಂಗ್ಲಿಯ ಸಮೀಪ ಹರಿಪುರದಲ್ಲಿ ವಾರಣಾ ನದಿಯು ಕೃಷ್ಣೆಯನ್ನು ಕೂಡುತ್ತದೆ. ಕಬ್ಬು, ಅರಿಸಿನಗಳ ಹೊಲಗಳ ನಡುವಣ ಆ ಸಂಗಮದಲ್ಲಿ ನಿಂತು ನೋಡಿದರೆ, ಯಾವ ನೀರು ಯಾವ ನದಿಯದೆಂದು ಬೇರ್ಪಡಿಸುವುದು ನಮ್ಮಿಂದಾಗದು. ಈ ಸೀಮೆಯ ಸಂಸ್ಕೃತಿಯೂ ಅಂತಹುದೇ.

1801ರಲ್ಲಿ ಮಿರಜ ಸಂಸ್ಥಾನದಿಂದ ಬೇರೆಯಾದ ಸಾಂಗ್ಲಿಯನ್ನು ಚಿಂತಾಮಣರಾವ್ ಪಟವರ್ಧನರು ಆಳಿದರು. 1842ರ ಸುಮಾರಿಗೆ ಉತ್ತರ ಕನ್ನಡದ ಭಾಗವತ ಮೇಳವೊಂದು ಅಲ್ಲಿ ಆಟವನ್ನಾಡಿ ತೋರಿಸಿತು. ಮರಾಠಿಯಲ್ಲಿಯೂ ಅಂತಹುದು ಆಗಬೇಕೆಂದು ಬಯಸಿದ ಅರಸರು ಆ ಕಾರ್ಯವನ್ನು ವಿಷ್ಣುದಾಸ ಭಾವೆಯವರಿಗೆ ಒಪ್ಪಿಸಿದರು. 1843ರಲ್ಲಿ ಭಾವೆಯವರ 'ಸೀತಾ ಸ್ವಯಂವರ'ವು ರಂಗವೇರಿತು. ಮರಾಠಿಗರು ಅದರ ನೆನಪಿಗಾಗಿ ಇಂದಿಗೂ ನವೆಂಬರ್ 5ನ್ನು ರಂಗಭೂಮಿ ದಿನವೆಂದು ಆಚರಿಸುತ್ತಾರೆ.

ಕೊಟ್ಟುದು ಬೇರೊಂದು ರೂಪದಲ್ಲಿ ಮರಳಿ ಬಂದಿತು. ತಂಬೂರಿ, ಸಿತಾರುಗಳ ತಯಾರಿಕೆಗೆ ಹೆಸರಾದ ಮಿರಜಿನಲ್ಲಿ ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನರು ನೆಲೆಸಿದರು. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಇವರಿಂದ ಆ ಗಾನವಿದ್ಯೆಯು ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರಿಗೆ ದೊರೆಯಿತು. 1937ರಲ್ಲಿ ತೀರಿಕೊಂಡ ಖಾನರ ಸಮಾಧಿಯು ಮಿರಜಿನ ಮೀರಾಸಾಹೇಬ ದರ್ಗಾದಲ್ಲಿದೆ.

ಇದೇ ಜಿಲ್ಲೆಯ ಜತ್ತ ಸೀಮೆಯಲ್ಲಿ ಕನ್ನಡ ಶಾಲೆಗಳಿವೆ. ಅಲ್ಲಿಯ ಮಕ್ಕಳು ತಮ್ಮನ್ನು ಪರಕೀಯರೆಂದು ಬಗೆಯಬೇಕಿಲ್ಲ. ಈ ನೆಲದ ಕಲೆಯಲ್ಲಿ ಅವರ ನುಡಿಗೂ ಪಾಲಿದೆ. ಆದರೆ ಕೊಟ್ಟೆವೆಂದು ನಾವು ಬೀಗುವುದು ತರವಲ್ಲ. ಪಡೆದುದನ್ನೂ ಮಕ್ಕಳಿಗೆ ಹೇಳಿಕೊಡೋಣ.