ಶಾಸನದ ಸೋಮವಾರ, ಗಣಕದ ಸೋಮವಾರ

ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ ಸಂಪುಟದಲ್ಲಿ (1902) ಶಿಕಾರಿಪುರದ ಶಾಸನಗಳಿವೆ, ಎಂಟನೆಯದರಲ್ಲಿ (1904) ಸೊರಬದವು. ನನ್ನ ಸಂಶೋಧನೆ ಈ ಎರಡು ತಾಲ್ಲೂಕುಗಳ ಕಲ್ಲುಗಳ ಸುತ್ತಲೇ ನಡೆದಿದೆ. ಇಲ್ಲಿನ ದಾನಶಾಸನಗಳು ಕಾಲವನ್ನು ಒಂದೇ ಗುರುತಿನಿಂದ ಹೇಳಿ ಸುಮ್ಮನಾಗುವುದಿಲ್ಲ. ಶಕವರ್ಷ ಅಥವಾ ಚಾಲುಕ್ಯ ವಿಕ್ರಮ ವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ. ಎಷ್ಟೋ ಕಡೆ ಸಂಕ್ರಮಣವೋ ಗ್ರಹಣವೋ ಜೊತೆಗಿರುತ್ತದೆ. ಒಂದು ಗುರುತು ಸವೆದರೂ ಉಳಿದವು ಸಾಕ್ಷಿ ನುಡಿಯುತ್ತವೆ. ಅವು ಪರಸ್ಪರ ಹೊಂದದಿದ್ದರೆ ಇದು ಕೂಟಶಾಸನವೇನೋ ಎಂಬ ಅನುಮಾನ ಹುಟ್ಟುತ್ತದೆ.

ಹಿಂದೆ ಈ ತಾಳೆಗೆ ಸ್ವಾಮಿಕಣ್ಣು ಪಿಳ್ಳೆಯವರ ಕೋಷ್ಟಕಗಳೇ ಗತಿ. ಈಗ ನನ್ನ ಓರಗೆಯವರು ಲಿನಕ್ಸ್‌ನ ಕಮಾಂಡ್‌ಲೈನಿನಲ್ಲಿ ‘ಡೇಟ್’ ಎಂದು ಟೈಪಿಸುತ್ತಾರೆ. ಸಲಕರಣೆ ಒಳ್ಳೆಯದೇ. ಆದರೆ ಅದರ ಕೈಪಿಡಿಯಲ್ಲಿ ಒಂದೇ ಸಾಲಿನಲ್ಲಿ ಮುಗಿಯುವ ಮಾತುಗಳನ್ನು ಇತಿಹಾಸದ ವಿದ್ಯಾರ್ಥಿಗೆ ಬಿಡಿಸಿ ಹೇಳಬೇಕಾಗುತ್ತದೆ.

ಮೊದಲನೆಯದು ಕಾಲವಲಯದ ಹೆಸರು. ಭಾರತಕ್ಕೆಲ್ಲ ‘ಏಷ್ಯಾ/ಕೋಲ್ಕತಾ’ ಎಂಬ ಒಂದೇ ಹೆಸರು. ಐದೂವರೆ ಗಂಟೆಯ ಭಾರತೀಯ ಕಾಲಮಾನ ಬಂದದ್ದು 1906ರ ಜನವರಿ 1ರಂದು. ಹನ್ನೆರಡನೆಯ ಶತಮಾನದ ದಿನಾಂಕ ಕೊಟ್ಟರೆ ಸಲಕರಣೆ ಕಲ್ಕತ್ತೆಯ ಸ್ಥಳೀಯ ಕಾಲವನ್ನು, ಅಂದರೆ ಗ್ರೀನಿಚ್‌ಗಿಂತ 5 ಗಂಟೆ 53 ನಿಮಿಷ 28 ಸೆಕೆಂಡು ಮುಂದಿರುವುದನ್ನು ಬಳಸುತ್ತದೆ. ಶಿಕಾರಿಪುರದ ಸೂರ್ಯ ಗ್ರೀನಿಚ್‌ಗಿಂತ ಸುಮಾರು 5 ಗಂಟೆ 1 ನಿಮಿಷವಷ್ಟೇ ಮುಂದು. ವ್ಯತ್ಯಾಸ ಎರಡು ಗಳಿಗೆಗೂ ಹೆಚ್ಚು. ತಿಥಿ ಸೂರ್ಯೋದಯದ ಆಸುಪಾಸಿನಲ್ಲಿ ಮುಗಿಯುವ ದಿನ ಇಷ್ಟು ಸಾಕು, ಲೆಕ್ಕ ಕೆಡಲು. ವಲಯದ ಹೆಸರು ಬಿಟ್ಟು ಅಂಕಿಯನ್ನೇ ಕೊಡುವವರು ಇನ್ನೊಂದನ್ನು ಗಮನಿಸಬೇಕು: ಈ ಬರವಣಿಗೆಯಲ್ಲಿ ಪೂರ್ವಕ್ಕೆ ಋಣಚಿಹ್ನೆ. ‘ಐಎಸ್‌ಟಿ-5:30’ ಎಂದರೆ ಗ್ರೀನಿಚ್‌ಗಿಂತ ಮುಂದೆಯೇ ಹೊರತು ಹಿಂದಲ್ಲ.

ಎರಡನೆಯದು ದಿನದ ಆರಂಭ. ಪಂಚಾಂಗದ ವಾರ ಸೂರ್ಯೋದಯಕ್ಕೆ ಹುಟ್ಟುತ್ತದೆ, ಗಣಕದ ವಾರ ನಡುರಾತ್ರಿಗೆ. ಸೋಮವಾರ ರಾತ್ರಿ ಎರಡು ಗಂಟೆಗೆ ಹಿಡಿದ ಚಂದ್ರಗ್ರಹಣ ಶಾಸನಕ್ಕೆ ಸೋಮವಾರದ್ದು, ಗಣಕಕ್ಕೆ ಮಂಗಳವಾರದ್ದು. ಇದನ್ನು ಮರೆತವರು ಕಲ್ಲನ್ನೇ ಸುಳ್ಳೆನ್ನುವ ಅಪಾಯವಿದೆ.

ಮೂರನೆಯದೇ ಹೆಚ್ಚು ಮೋಸದ್ದು. ಬಳ್ಳಿಗಾವೆಯ ಕೋಡಿಯಮಠದ ಪ್ರಸಿದ್ಧ ಶಾಸನ 1162ರದ್ದು. ಆ ಕಾಲದ ತೇದಿಗಳನ್ನು ಇತಿಹಾಸಕಾರರು ಜೂಲಿಯನ್ ಕ್ಯಾಲೆಂಡರಿನಲ್ಲಿ ಬರೆಯುತ್ತಾರೆ. ಸಲಕರಣೆಗೆ ಗೊತ್ತಿರುವುದು ಗ್ರೆಗೋರಿಯನ್ ಮಾತ್ರ. ಅದನ್ನೇ ಹಿಂದಿನ ಶತಮಾನಗಳಿಗೂ ಎಳೆಯುತ್ತದೆ. ಹನ್ನೆರಡು, ಹದಿಮೂರನೆಯ ಶತಮಾನಗಳಲ್ಲಿ ಇವೆರಡರ ಅಂತರ ಸರಿಯಾಗಿ ಏಳು ದಿನ. ಹಾಗಾಗಿ ತಪ್ಪು ಕ್ಯಾಲೆಂಡರಿನಲ್ಲಿ ಹುಡುಕಿದರೂ ವಾರ ಹೊಂದಿಬಿಡುತ್ತದೆ! ವಾರ ಸರಿ ಬಂತೆಂದು ನಿಟ್ಟುಸಿರು ಬಿಟ್ಟವರ ತಿಥಿ ಒಂದು ವಾರ ಆಚೀಚೆಯಾಗಿರುತ್ತದೆ. ಹುಣ್ಣಿಮೆಯ ದಾನ ಅಷ್ಟಮಿಗೆ ಹೋಗಿ ಕೂರುತ್ತದೆ. ಅದಕ್ಕೇ ವಾರವೊಂದನ್ನೇ ನಂಬದೆ ತಿಥಿಯನ್ನೂ ತಾಳೆ ನೋಡಬೇಕು.

ಪ್ರಬಂಧದಲ್ಲಿ ತೇದಿ ಬರೆಯುವಾಗ ಯಾವ ಕ್ಯಾಲೆಂಡರ್, ಯಾವ ಊರಿನ ಕಾಲ, ದಿನದ ಆರಂಭ ಯಾವಾಗ ಎಂಬ ಮೂರು ಮಾತನ್ನು ಪಕ್ಕದಲ್ಲೇ ಬರೆದಿಡೋಣ. ಒಂದೇ ದಿನವನ್ನು ಗುರುತಿಸಲು ಕಲ್ಲು ಕಡೆದವರು ಆರೇಳು ಗುರುತು ಕೊಟ್ಟಿದ್ದಾರೆ. ಮೂರು ಕೊಡಲು ನಮಗೇಕೆ ಜಿಪುಣತನ?