ದಿಕ್ಕು
ಸಂಸ್ಕೃತದ ‘ದಿಶ್’ ಧಾತುವಿಗೆ ತೋರಿಸು ಎಂದರ್ಥ. ಅದರಿಂದ ಬಂದ ‘ದಿಕ್’ ನಮ್ಮಲ್ಲಿ ‘ದಿಕ್ಕು’ ಆಯಿತು, ‘ದಿಶಾ’ ‘ದೆಸೆ’ ಆಯಿತು. ಒಂದೇ ಬೇರಿನವಾದರೂ ‘ದಿಕ್ಕುದೆಸೆ ಇಲ್ಲದವ’ ಎಂದು ಜೋಡಿಸಿಯೇ ಆಡುತ್ತೇವೆ. ಎಂಟು ದಿಕ್ಕುಗಳ ಲೆಕ್ಕದಿಂದ ಪದ ಆಸರೆಯ ಅರ್ಥಕ್ಕೆ ಹೊರಳಿದೆ. ಸಾವಿನ ಮನೆಯಲ್ಲಿ ‘ಇನ್ನು ಇವಳಿಗೆ ಯಾರಮ್ಮಾ ದಿಕ್ಕು?’ ಎನ್ನುವವರು ಉತ್ತರ ಬರುವ ಮೊದಲೇ ಚಪ್ಪಲಿ ಮೆಟ್ಟಿರುತ್ತಾರೆ. ‘ದಿಕ್ಕಿಲ್ಲದವರಿಗೆ ದೇವರೇ ದಿಕ್ಕು’ ಎಂಬ ಗಾದೆ ಹುಟ್ಟಿದ್ದು ಇಂಥ ಕಡೆಯೇ ಇರಬೇಕು. ತುಂಬಿದ ಸಭೆಯಲ್ಲಿ ಐವರು ಗಂಡಂದಿರೂ ತಲೆ ತಗ್ಗಿಸಿ ಕೂತಾಗ ದ್ರೌಪದಿ ಕೂಗಿದ್ದು ಕೃಷ್ಣನನ್ನೇ. ನಂಬಿದವರ ಬಾಯಲ್ಲಿ ಈ ಗಾದೆ ಧೈರ್ಯದ ಮಾತು. ಕೈಬಿಟ್ಟು ಹೊರಟ ನೆಂಟರ ಬಾಯಲ್ಲಿ ಬರೀ ನುಣುಚಿಕೊಳ್ಳುವ ನೆಪ. ತೆಲುಗಿನಲ್ಲೂ ಇದೇ ಗಾದೆ, ಇದೇ ‘ದಿಕ್ಕು’ ಪದದೊಂದಿಗೆ ಬಳಕೆಯಲ್ಲಿದೆ.